ಸಾವಿರ ಕಿಲೋಮೀಟರ್ ನಡೆಯುವ ಮುನ್ನ: ಮೊದಲ ಎರಡು ವಾರ ದಾಟುವುದು ಹೇಗೆ?

ಫ್ರಾನ್ಸಿನ ಸೇಂಟ್ ಜಾನ್ ಪಿಯೆ ದ ಪೋರ್ ಊರಿಂದ ಬೆಟ್ಟ ಹತ್ತಿ ಸ್ಪೇನಿನ ರೋನ್ಸೆಸ್ವಾಯೆಸ್‌ಗೆ ಇಳಿಯುವ ದಿನ ನಾನು ಮಾಡಿದ ತಪ್ಪು ಬಹಳ ಸಣ್ಣದು. ಮಧ್ಯಾಹ್ನದ ಹೊತ್ತಿಗೆ ಬಲಗಾಲಿನ ಹಿಮ್ಮಡಿ ಹತ್ತಿರ ಏನೋ ಬಿಸಿ ಬಿಸಿ ಅನ್ನಿಸಿತು. ಇಳಿದ ಮೇಲೆ ನೋಡಿದರಾಯ್ತು ಅಂದುಕೊಂಡೆ. ಇಳಿದು ಕಾಲುಚೀಲ ತೆಗೆದರೆ ಹೆಬ್ಬೆರಳ ಉಗುರಿನಷ್ಟು ದೊಡ್ಡ ಗುಳ್ಳೆ! ಮುಂದಿನ ಐದು ದಿನ ಕುಂಟಿಕೊಂಡೇ ನಡೆದೆ. ಕುಂಟಿ ಕುಂಟಿ ಎಡ ಮಂಡಿಯೂ ಹಿಡಿದುಕೊಂಡಿತು. ಎರಡು ನಿಮಿಷ ಕೂತು ಶೂ ಬಿಚ್ಚಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ಉದ್ದದ ಹಾದಿಗಳಲ್ಲಿ ಅರ್ಧಕ್ಕೇ ವಾಪಸ್ ಹೋದವರ ಕತೆ ಕೇಳಿದರೆ ಹೆಚ್ಚಾಗಿ ಇಂಥವೇ. ಗುಳ್ಳೆ, ಮಂಡಿ, ಭಾರದ ಬ್ಯಾಗು, ಮೊದಲ ದಿನವೇ ಮೂವತ್ತು ಕಿಲೋಮೀಟರ್ ಓಡಿದ ಹುರುಪು. ಮೊದಲ ಎರಡು ವಾರ ದಾಟಿದವರ ಮೈ ಹಾದಿಗೆ ಒಗ್ಗಿಕೊಂಡುಬಿಡುತ್ತದೆ. ಅದಕ್ಕೇ ಕೆಳಗಿನ ತಯಾರಿಯನ್ನೆಲ್ಲ ಆ ಎರಡು ವಾರವನ್ನು ಗಮನದಲ್ಲಿಟ್ಟುಕೊಂಡೇ ಬರೆದಿದ್ದೇನೆ.

1. ಹಾದಿ ಆರಿಸಿಕೊಳ್ಳಿ, ಕಿಲೋಮೀಟರ್ ನೋಡಿ ಮೋಸ ಹೋಗಬೇಡಿ

ಸ್ಕಾಟ್ಲೆಂಡಿನ ವೆಸ್ಟ್ ಹೈಲ್ಯಾಂಡ್ ವೇ 154 ಕಿಲೋಮೀಟರ್. ಒಂದು ವಾರ ಸಾಕು. ಕಾರ್ಸಿಕಾ ದ್ವೀಪದ ಜಿಆರ್ 20 ಸುಮಾರು 180 ಕಿಲೋಮೀಟರ್. ಬರೀ 26 ಕಿಲೋಮೀಟರ್ ಜಾಸ್ತಿ ತಾನೇ ಅಂತ ಹೊರಟರೆ ಕೆಟ್ಟಿರಿ. ಅದಕ್ಕೆ ಹದಿನೈದು ದಿನ ಬೇಕು, ಯಾಕೆಂದರೆ ದಾರಿಯುದ್ದಕ್ಕೂ ಕೈಯೂರಿ ಹತ್ತುವ ಬಂಡೆಗಳು, ದಿನವೂ ಸಾವಿರ ಮೀಟರ್ ಆಸುಪಾಸಿನ ಏರಿಳಿತ. ಹಾಗಾಗಿ ಉದ್ದದ ಜೊತೆಗೆ ಒಟ್ಟು ಏರು ಎಷ್ಟು ಮೀಟರ್ ಅನ್ನೋದನ್ನೂ ನೋಡಿ.

ಲೆಕ್ಕ ಹಾಕಲು ಸುಲಭದ ಸೂತ್ರವೊಂದಿದೆ. 1892ರಲ್ಲಿ ವಿಲಿಯಂ ನೈಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ ಕೊಟ್ಟದ್ದು. ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಾನು ಗುಳ್ಳೆ ಮಾಡಿಕೊಂಡ ದಿನದ್ದೇ ತಗೊಳ್ಳಿ. ದೂರ 25 ಕಿಲೋಮೀಟರ್, ಅಂದರೆ 5 ಗಂಟೆ. ಏರು ಸುಮಾರು 1,250 ಮೀಟರ್, ಅಂದರೆ ಇನ್ನೆರಡು ಗಂಟೆ. ಒಟ್ಟು ಏಳು ಗಂಟೆ, ಅದೂ ಕೂರದೆ, ತಿನ್ನದೆ, ಭಾರ ಇಲ್ಲದೆ. ಬೆನ್ನ ಮೇಲೆ ಬ್ಯಾಗ್ ಇದ್ದರೆ ಒಂಬತ್ತು ಅಂತ ಇಟ್ಟುಕೊಳ್ಳಿ. ಮೊದಲ ದಿನಕ್ಕೆ ಇದು ಜಾಸ್ತಿಯೇ. ಆ ಏರಿನಲ್ಲಿ ಎಂಟೇ ಕಿಲೋಮೀಟರಿಗೆ ಓರಿಸಾನ್ ಎಂಬಲ್ಲಿ ಒಂದು ತಂಗುದಾಣ ಇದೆ. ಬುದ್ಧಿವಂತರು ಮೊದಲೇ ಜಾಗ ಕಾದಿರಿಸಿ ಮೊದಲ ರಾತ್ರಿ ಅಲ್ಲೇ ಉಳಿಯುತ್ತಾರೆ.

ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಇಷ್ಟೇ: ಊರೂರಿಗೆ ತಂಗುದಾಣ ಇರುವ ಹಾದಿ ಹಿಡಿಯಿರಿ. ನಾನು ಗುಳ್ಳೆ ಮಾಡಿಕೊಂಡ ಸ್ಪೇನಿನ ಕಾಮಿನೋ ಫ್ರಾನ್ಸೆಸ್ ಸುಮಾರು 780 ಕಿಲೋಮೀಟರ್ ಉದ್ದ ಇದ್ದರೂ ಟೆಂಟ್ ಹೊರುವ ಕೆಲಸ ಇಲ್ಲ, ಹಳದಿ ಬಾಣದ ಗುರುತು ನೋಡಿಕೊಂಡು ಹೋದರೆ ಸಾಕು. ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್ ಮೂರನ್ನೂ ಸುತ್ತುವ ಟೂರ್ ದು ಮಾಂಟ್ ಬ್ಲಾಂಕ್ ಸುಮಾರು 170 ಕಿಲೋಮೀಟರ್. ಒಟ್ಟು ಏರು 10,000 ಮೀಟರಿನಷ್ಟಿದ್ದರೂ ಸಂಜೆ ಹೊತ್ತಿಗೆ ಬಿಸಿ ಊಟ, ಹಾಸಿಗೆ ಸಿಗುತ್ತದೆ. ಇವನ್ನು ಮುಗಿಸಿ, ಆಮೇಲೂ ಆಸೆ ಉಳಿದರೆ ದೊಡ್ಡವು ಇದ್ದೇ ಇವೆ. ನ್ಯೂಜಿಲೆಂಡಿನ ತೇ ಆರರೋವಾ ಸುಮಾರು 3,000 ಕಿಲೋಮೀಟರ್, ಅಮೆರಿಕದ ಅಪಲಾಚಿಯನ್ ಟ್ರೇಲ್ ಸುಮಾರು 3,500, ಪೆಸಿಫಿಕ್ ಕ್ರೆಸ್ಟ್ ಟ್ರೇಲ್ 4,265. ಕೊನೆಯ ಎರಡಕ್ಕೂ ನಾಲ್ಕರಿಂದ ಆರು ತಿಂಗಳು ಬೇಕು.

2. ಕಾಲ ನೋಡಿ, ಅನುಮತಿ ನೋಡಿ

ಉದ್ದದ ಹಾದಿಗೆ ಎರಡು ಕಡೆ ಬಾಗಿಲು. ಬೇಗ ಹೊರಟರೆ ಹಿಮ ಕರಗಿರುವುದಿಲ್ಲ, ತಡವಾದರೆ ಹೊಸ ಹಿಮ ಬೀಳುತ್ತದೆ. ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನಲ್ಲಿ ಉತ್ತರಕ್ಕೆ ನಡೆಯುವವರು ಸಾಮಾನ್ಯವಾಗಿ ಏಪ್ರಿಲ್ ಅಥವಾ ಮೇಯಲ್ಲಿ ಮೆಕ್ಸಿಕೋ ಗಡಿ ಬಿಡುತ್ತಾರೆ. ಮರುಭೂಮಿಯ ಬಿಸಿಲು ಏರುವ ಮೊದಲು ದಕ್ಷಿಣ ಭಾಗ ದಾಟಬೇಕು, ಸಿಯೆರಾ ಬೆಟ್ಟಗಳ ಹಿಮ ಇಳಿದ ಮೇಲೆ ಅಲ್ಲಿಗೆ ಮುಟ್ಟಬೇಕು, ವಾಷಿಂಗ್ಟನ್ ರಾಜ್ಯದಲ್ಲಿ ಹಿಮ ಶುರುವಾಗುವ ಮೊದಲು ಕೆನಡಾ ಗಡಿ ಸೇರಬೇಕು. ಆಲ್ಪ್ಸ್‌ಗೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ. ನ್ಯೂಜಿಲೆಂಡ್, ದಕ್ಷಿಣ ಅಮೆರಿಕದ ಪೆಟಗೋನಿಯಾ ಕಡೆ ಬೇಸಿಗೆ ಅಂದರೆ ಡಿಸೆಂಬರಿನಿಂದ ಫೆಬ್ರವರಿ, ಇದನ್ನು ಮರೆಯುವವರು ಈಗಲೂ ಇದ್ದಾರೆ. ನೇಪಾಳಕ್ಕೆ ಅಕ್ಟೋಬರ್, ನವೆಂಬರ್ ಒಳ್ಳೆಯದು.

ಅನುಮತಿಯ ವಿಷಯದಲ್ಲಿ ಸೋಮಾರಿತನ ಬೇಡ. ಪೆರುವಿನ ಇಂಕಾ ಟ್ರೇಲ್‌ಗೆ ದಿನಕ್ಕೆ 500 ಜನ ಮಾತ್ರ. ಗೈಡು, ಹಮಾಲಿಗಳೂ ಆ ಲೆಕ್ಕದೊಳಗೇ ಬರುತ್ತಾರೆ. ಫೆಬ್ರವರಿಯಲ್ಲಿ ಹಾದಿ ಮುಚ್ಚಿರುತ್ತದೆ. ಪೆಸಿಫಿಕ್ ಕ್ರೆಸ್ಟ್‌ನ ದಕ್ಷಿಣ ತುದಿಯಿಂದ ದೂರದ ಚಾರಣಕ್ಕೆ ಹೊರಡಲು ದಿನಕ್ಕೆ 50 ಜನರಿಗಷ್ಟೇ ಪರವಾನಗಿ. ತಿಂಗಳುಗಳ ಮೊದಲೇ ಅರ್ಜಿ ಹಾಕಬೇಕು. ವೀಸಾ ದಿನಗಳನ್ನೂ ಎಣಿಸಿ. ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ದೇಶಗಳಲ್ಲಿ ಪ್ರವಾಸಿಗೆ 180 ದಿನಗಳಲ್ಲಿ 90 ದಿನ ಮಾತ್ರ. ಒಂದು ಹಾದಿ ಮುಗಿಸಿ ಇನ್ನೊಂದಕ್ಕೆ ಹಾರುವ ಯೋಚನೆ ಇದ್ದವರು ಇಲ್ಲಿಯೇ ಎಡವುವುದು.

ವಿಮಾನದ ವಿಷಯ ಎರಡೇ ಮಾತು. ಒಲೆಯ ಗ್ಯಾಸ್ ಡಬ್ಬಿ ಯಾವ ಬ್ಯಾಗಿನಲ್ಲೂ ಒಯ್ಯುವಂತಿಲ್ಲ, ಇಳಿದ ಮೇಲೆ ಕೊಳ್ಳಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಲಿ, ಚಾರಣದ ಕೋಲು ದೊಡ್ಡ ಬ್ಯಾಗಿಗೆ ಹೋಗಲಿ. ನ್ಯೂಜಿಲೆಂಡಿಗೆ ಹೋಗುವವರು ಬೂಟಿನ ತಳ, ಟೆಂಟಿನ ಗೂಟ ಎಲ್ಲ ಉಜ್ಜಿ ತೊಳೆದುಕೊಂಡು ಹೋಗಿ. ಬಳಸಿದ ಸಾಮಾನು ಇದೆ ಅಂತ ಅಲ್ಲಿ ಘೋಷಿಸಬೇಕು. ಮಣ್ಣು ಅಂಟಿಕೊಂಡಿದ್ದರೆ ಅಲ್ಲೇ ತಡೆಯುತ್ತಾರೆ.

3. ಕಾಲು: ಜಾಸ್ತಿ ಹೊತ್ತು ಇಲ್ಲೇ ಕಳೆಯಿರಿ

ದಿನವಿಡೀ ನಡೆದರೆ ಪಾದ ಊದಿಕೊಳ್ಳುತ್ತದೆ. ವಾರಗಟ್ಟಲೆ ನಡೆದರೆ ಅಗಲವೂ ಆಗುತ್ತದೆ. ಅದಕ್ಕೇ ಶೂ ಕೊಳ್ಳಲು ಬೆಳಗ್ಗೆ ಹೋಗಬೇಡಿ. ಸಂಜೆ, ಒಂದಷ್ಟು ನಡೆದ ಮೇಲೆ, ಹಾದಿಯಲ್ಲಿ ಹಾಕುವ ಅದೇ ಕಾಲುಚೀಲ ಹಾಕಿಕೊಂಡು ಹೋಗಿ. ಮಾಮೂಲಿ ಅಳತೆಗಿಂತ ಅರ್ಧದಿಂದ ಒಂದು ನಂಬರ್ ದೊಡ್ಡದು ತಗೊಳ್ಳಿ. ಅಂಗಡಿಯಲ್ಲಿ ಇಳಿಜಾರು ಹಲಗೆ ಇದ್ದರೆ ಅದರ ಮೇಲೆ ಇಳಿದು ನೋಡಿ. ಬೆರಳು ಮುಂದೆ ತಾಗಿದರೆ ಆ ಶೂ ಬೇಡ. ಹಾಗೆ ತಾಗುವ ಉಗುರು ನಾಲ್ಕೇ ದಿನದಲ್ಲಿ ಕಪ್ಪಾಗಿ ಆಮೇಲೆ ಉದುರುತ್ತದೆ.

ಬೂಟೋ, ಹಗುರದ ಟ್ರೇಲ್ ಶೂವೋ? ಈ ಜಗಳಕ್ಕೆ ಕೊನೆಯಿಲ್ಲ. ಹಿಮ, ಚೂಪು ಕಲ್ಲು, ಭಾರದ ಬ್ಯಾಗು ಇದ್ದರೆ ಬೂಟು ಸರಿ. ಉಳಿದ ಕಡೆ ಹಗುರದ ಶೂ ಪರವಾಗಿ ನನ್ನ ಮತ. ಒದ್ದೆಯಾದರೂ ಬೇಗ ಒಣಗುತ್ತದೆ, ದಿನಕ್ಕೆ ಮೂವತ್ತು ನಲವತ್ತು ಸಾವಿರ ಹೆಜ್ಜೆ ಇಡುವಾಗ ಕಾಲಿನ ಮೇಲಿನ ಒಂದೊಂದು ಗ್ರಾಮೂ ಲೆಕ್ಕಕ್ಕೆ ಬರುತ್ತದೆ. ಆದರೆ ಅಂಥ ಶೂ ಬಾಳುವುದು 500ರಿಂದ 800 ಕಿಲೋಮೀಟರ್ ಮಾತ್ರ. ಅಪಲಾಚಿಯನ್ ಹಾದಿಗೆ ಐದರಿಂದ ಏಳು ಜೊತೆ ಬೇಕಾಗುತ್ತದೆ, ಖರ್ಚಿನ ಪಟ್ಟಿಗೆ ಸೇರಿಸಿಕೊಳ್ಳಿ.

ಕಾಲುಚೀಲ ಹತ್ತಿಯದು ಬೇಡವೇ ಬೇಡ. ಹತ್ತಿ ಬೆವರು ಹೀರಿ ಹಾಗೇ ಇಟ್ಟುಕೊಳ್ಳುತ್ತದೆ, ಒದ್ದೆ ಚರ್ಮ ಬೇಗ ಸುಲಿಯುತ್ತದೆ. ಮೆರಿನೋ ಉಣ್ಣೆಯದು ಮೂರು ಜೊತೆ ಸಾಕು. ಒಂದು ಕಾಲಲ್ಲಿ, ಒಂದು ಬ್ಯಾಗಿನ ಹೊರಗೆ ಒಣಗಲು, ಮೂರನೆಯದು ರಾತ್ರಿ ಮಲಗುವಾಗ ಮಾತ್ರ. ಆ ಮೂರನೆಯದನ್ನು ಎಂಥ ಮಳೆ ಬಂದರೂ ಹಗಲು ಮುಟ್ಟಬೇಡಿ.

ಇನ್ನು ಗುಳ್ಳೆ. ಅದು ಹೇಳಿಯೇ ಬರುತ್ತದೆ. ಮೊದಲು ಆ ಜಾಗ ಬಿಸಿಯಾಗುತ್ತದೆ, ಆಮೇಲೆ ಚುರುಚುರು ಅನ್ನುತ್ತದೆ. ಬಿಸಿ ಅನ್ನಿಸಿದ ಕ್ಷಣವೇ ಕೂತುಬಿಡಿ. ಜೊತೆಯವರು ಮುಂದೆ ಹೋದರೆ ಹೋಗಲಿ. ಶೂ ಬಿಚ್ಚಿ, ಕಾಲು ಒರೆಸಿ, ಕಾಲುಚೀಲ ಕೊಡವಿ, ಒಣಗಿದ ಚರ್ಮದ ಮೇಲೆ ಗಟ್ಟಿ ಅಂಟಿನ ಟೇಪ್ ಹಾಕಿ. ಟೇಪಿನ ಮೂಲೆಗಳನ್ನು ಗುಂಡಗೆ ಕತ್ತರಿಸಿ, ಚೂಪು ಮೂಲೆ ಸುರುಳಿ ಎದ್ದು ಅದೇ ಇನ್ನೊಂದು ಗುಳ್ಳೆ ಮಾಡುತ್ತದೆ. ಗುಳ್ಳೆ ಬಂದೇಬಿಟ್ಟಿತು ಅನ್ನಿ. ಚಿಕ್ಕದಿದ್ದರೆ ಒಡೆಯಬೇಡಿ. ದೊಡ್ಡದಾಗಿ, ನಡೆಯಲಾಗದಷ್ಟು ನೋಯುತ್ತಿದ್ದರೆ ಮಾತ್ರ ಕೈ ತೊಳೆದು, ಶುಚಿ ಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಿರಿ. ಮೇಲಿನ ಚರ್ಮ ಕೀಳಬೇಡಿ, ಗಾಯಕ್ಕೆ ಅದೇ ಬ್ಯಾಂಡೇಜು. ಕೆಂಪು ಹರಡಿದರೆ, ಕೀವು ಕಂಡರೆ ಹಾದಿ ಬಿಟ್ಟು ವೈದ್ಯರ ಹತ್ತಿರ ಹೋಗಿ.

4. ಬ್ಯಾಗನ್ನು ತಕ್ಕಡಿಗೆ ಹಾಕಿ

1955ರಲ್ಲಿ ಎಮ್ಮಾ ಗೇಟ್‌ವುಡ್ ಎಂಬ 67 ವರ್ಷದ ಅಜ್ಜಿ ಅಪಲಾಚಿಯನ್ ಟ್ರೇಲ್ ಪೂರ್ತಿ ಒಬ್ಬರೇ ನಡೆದರು. ಹನ್ನೊಂದು ಮಕ್ಕಳ ತಾಯಿ. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಚೀಲ, ಮಳೆಗೆ ಸ್ನಾನದ ಕೋಣೆಯ ಪ್ಲಾಸ್ಟಿಕ್ ಪರದೆ. ಹಾಗೇ ನೀವೂ ಪರದೆ ಕಟ್ಟಿಕೊಂಡು ಹೋಗಿ ಅಂತಲ್ಲ. ಅಂಗಡಿಯವರು ತೋರಿಸುವ ಪಟ್ಟಿಯಲ್ಲಿ ಅರ್ಧಕ್ಕರ್ಧ ಬೇಡ ಅನ್ನಲು ಆ ಅಜ್ಜಿಯನ್ನು ನೆನಪಿಸಿಕೊಳ್ಳಿ.

ಊಟ, ನೀರು, ಇಂಧನ ಬಿಟ್ಟು ಉಳಿದ ಸಾಮಾನಿನ ತೂಕಕ್ಕೆ ಚಾರಣಿಗರು ಬೇಸ್ ವೇಟ್ ಅನ್ನುತ್ತಾರೆ. ಅದು 9 ಕೆಜಿಯೊಳಗೆ ಬಂದರೆ ಹಗುರ, 4.5 ಕೆಜಿಯೊಳಗೆ ಬಂದರೆ ಅತಿ ಹಗುರ. ಹೊಸಬರಿಗೆ ಏಳೆಂಟು ಕೆಜಿ ಒಳ್ಳೆಯ ಗುರಿ. ಅದರ ಮೇಲೆ ಐದು ದಿನದ ಊಟ ನಾಲ್ಕು ಕೆಜಿ, ಎರಡು ಲೀಟರ್ ನೀರು ಎರಡು ಕೆಜಿ ಸೇರಿದರೆ ಹದಿಮೂರು ಹದಿನಾಲ್ಕು ಆಗಿಯೇಹೋಯಿತು. ಒಟ್ಟು ಭಾರ ನಿಮ್ಮ ಮೈತೂಕದ ಐದನೇ ಒಂದು ಭಾಗ ಮೀರದಿದ್ದರೆ ಮಂಡಿ ಉಳಿಯುತ್ತದೆ.

ಕಡಿಮೆ ಮಾಡಲು ಶುರು ಮಾಡಬೇಕಾದ್ದು ಮೂರು ದೊಡ್ಡ ಸಾಮಾನಿನಿಂದ: ಬ್ಯಾಗ್, ಟೆಂಟ್, ಸ್ಲೀಪಿಂಗ್ ಬ್ಯಾಗ್. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸುವುದು ಆಮೇಲಿನ ಮಾತು. ಬ್ಯಾಗನ್ನು ಕೊನೆಗೆ ಕೊಳ್ಳಿ. ಮೊದಲೇ ದೊಡ್ಡ ಬ್ಯಾಗ್ ಕೊಂಡರೆ ಖಾಲಿ ಜಾಗ ನೋಡಿ ಕೈ ಸುಮ್ನಿರುವುದಿಲ್ಲ, ತುಂಬುತ್ತಲೇ ಇರುತ್ತದೆ. ಸ್ಲೀಪಿಂಗ್ ಬ್ಯಾಗಿನ ಮೇಲೆ ಎರಡು ಉಷ್ಣತೆ ಬರೆದಿರುತ್ತಾರೆ, ಕಂಫರ್ಟ್ ಮತ್ತು ಲಿಮಿಟ್. ಲಿಮಿಟ್ ಅಂದರೆ ಮುದುಡಿ ಮಲಗಿ ಹೇಗೋ ರಾತ್ರಿ ಕಳೆಯಬಹುದು ಅಂತ. ನೀವು ನೋಡಬೇಕಾದ್ದು ಕಂಫರ್ಟ್. ಕೆಳಗೆ ಹಾಸುವ ಮ್ಯಾಟ್ ಬಗ್ಗೆ ಜಿಪುಣತನ ಬೇಡ. ಮೈಭಾರಕ್ಕೆ ಸ್ಲೀಪಿಂಗ್ ಬ್ಯಾಗಿನ ತುಪ್ಪುಳ ಅಡಿಯಲ್ಲಿ ಚಪ್ಪಟೆಯಾಗಿ ಚಳಿ ತಡೆಯುವುದೇ ಇಲ್ಲ, ನೆಲದ ಚಳಿ ತಡೆಯುವುದು ಮ್ಯಾಟ್ ಒಂದೇ.

ಎಲ್ಲವನ್ನೂ ಕೋಣೆಯ ನೆಲದ ಮೇಲೆ ಹರಡಿ, ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದೇ ತೂಗಿ ಬರೆಯಿರಿ. 'ಒಂದುವೇಳೆ ಬೇಕಾದರೆ' ಅಂತ ಇಟ್ಟದ್ದನ್ನೆಲ್ಲ ಬೇರೆ ಗುಡ್ಡೆ ಮಾಡಿ. ಮಳೆಕೋಟು, ಬೆಚ್ಚನೆಯ ಒಂದು ಪದರ, ಔಷಧಿ, ಹೆಡ್‌ಲ್ಯಾಂಪ್ ಬಿಟ್ಟು ಆ ಗುಡ್ಡೆಯಲ್ಲಿ ಏನಿದ್ದರೂ ಮನೆಯಲ್ಲೇ ಉಳಿಯಲಿ. ಅಪಲಾಚಿಯನ್ ಟ್ರೇಲ್ ದಕ್ಷಿಣದಿಂದ ಶುರುವಾಗಿ 50 ಕಿಲೋಮೀಟರಿಗೆ ನೀಲ್ಸ್ ಗ್ಯಾಪ್ ಎಂಬ ಜಾಗ ಬರುತ್ತದೆ. ಅಲ್ಲಿ ಚಾರಣದ ಅಂಗಡಿಯೊಂದಿದೆ, ಹೊರಗಿನ ಮರದ ತುಂಬ ಹಳೇ ಶೂಗಳು ನೇತಾಡುತ್ತಿರುತ್ತವೆ. ಅಲ್ಲಿ ಜನ ಬ್ಯಾಗ್ ಬಿಚ್ಚಿ, ಬೇಡದ್ದನ್ನೆಲ್ಲ ಪೆಟ್ಟಿಗೆಗೆ ತುಂಬಿ ಮನೆಗೆ ಅಂಚೆ ಮಾಡುತ್ತಾರೆ. ನೀವು ಅದನ್ನು ಮನೆಯಲ್ಲೇ ಮಾಡಿದರೆ ಅಂಚೆ ಖರ್ಚು ಉಳಿಯಿತು.

5. ಹೊರಡುವ ಮೂರು ತಿಂಗಳ ಮೊದಲು

ಜಿಮ್ಮಿಗಿಂತ ಮೆಟ್ಟಿಲು ಒಳ್ಳೆಯದು. ವಾರಕ್ಕೆ ಮೂರು ದಿನ ಒಂದೊಂದು ಗಂಟೆ ನಡಿಗೆ, ರಜೆಯ ದಿನ ಉದ್ದದ ನಡಿಗೆ. ಮೊದಲು ಖಾಲಿ ಬೆನ್ನಲ್ಲಿ, ಆಮೇಲೆ ನಾಲ್ಕು ಕೆಜಿ, ಕೊನೆಯ ತಿಂಗಳು ಪೂರ್ತಿ ಭಾರ. ಇಳಿಯುವ ಅಭ್ಯಾಸವನ್ನೂ ಬಿಡಬೇಡಿ. ಹತ್ತುವಾಗ ಉಸಿರು ಸೋಲುತ್ತದೆ, ಇಳಿಯುವಾಗ ತೊಡೆ ಮತ್ತು ಮಂಡಿ ಸೋಲುತ್ತವೆ. ಕೊನೆಗೊಮ್ಮೆ ಎರಡು ದಿನ ಬಿಡದೆ ನಡೆದು, ನಡುವಿನ ರಾತ್ರಿ ಟೆಂಟಿನಲ್ಲೇ ಮಲಗಿ. ಮಳೆ ಬಂದರೆ ಇನ್ನೂ ಒಳ್ಳೆಯದು, ಟೆಂಟ್ ಎಲ್ಲಿ ಸೋರುತ್ತದೆ ಅಂತ ಮನೆ ಹತ್ತಿರವೇ ಗೊತ್ತಾಗುತ್ತದೆ.

6. ಊಟ ಮತ್ತು ನೀರು

ದಿನವಿಡೀ ಭಾರ ಹೊತ್ತು ನಡೆಯುವವರಿಗೆ 3,000ದಿಂದ 4,500 ಕ್ಯಾಲೊರಿ ಬೇಕು. ತಿಂದು ಸರಿದೂಗಿಸುವುದು ಕಷ್ಟವೇ, ಸ್ವಲ್ಪ ಇಳಿದೇ ಇಳಿಯುತ್ತೀರಿ. 100 ಗ್ರಾಮಿಗೆ 400 ಕ್ಯಾಲೊರಿಗಿಂತ ಜಾಸ್ತಿ ಕೊಡುವ ಒಣ ಆಹಾರ ಆರಿಸಿಕೊಳ್ಳಿ: ಬೀಜಗಳು, ಚಾಕೊಲೇಟ್, ಎಣ್ಣೆ. ವಿಚಿತ್ರ ಅಂದರೆ ಮೊದಲ ವಾರ ಹಸಿವೇ ಆಗುವುದಿಲ್ಲ. ಮೂರನೇ ವಾರದಿಂದ ಏನು ತಿಂದರೂ ಸಾಲುವುದಿಲ್ಲ. ಹಾಗಾಗಿ ಐದು ತಿಂಗಳ ಊಟವನ್ನು ಮನೆಯಿಂದಲೇ ಕಟ್ಟಿ ಕಳಿಸುವ ಸಾಹಸ ಬೇಡ, ನಾಲಿಗೆ ಹದಿನೈದು ದಿನದಲ್ಲಿ ಬದಲಾಗುತ್ತದೆ. ನಾಲ್ಕೈದು ದಿನಕ್ಕೊಮ್ಮೆ ಊರು ಸಿಗುವ ಹಾಗೆ ಲೆಕ್ಕ ಹಾಕಿ, ಅಲ್ಲಲ್ಲೇ ಕೊಳ್ಳಿ. ಅಂಗಡಿಯಿಲ್ಲದ ಒಂದೆರಡು ಜಾಗಕ್ಕೆ ಮಾತ್ರ ಪಾರ್ಸೆಲ್ ಕಳಿಸಿ.

ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಹಾಗೇ ಕುಡಿಯಬೇಡಿ. ಸಣ್ಣ ಫಿಲ್ಟರ್ ಬ್ಯಾಕ್ಟೀರಿಯಾ ಮತ್ತು ಹೊಟ್ಟೆ ಕೆಡಿಸುವ ಜಿಯಾರ್ಡಿಯಾ ಎಂಬ ಪರೋಪಜೀವಿಯನ್ನು ತಡೆಯುತ್ತದೆ, ಆದರೆ ಸಾಮಾನ್ಯ ಫಿಲ್ಟರ್ ವೈರಸ್ ತಡೆಯುವುದಿಲ್ಲ. ಮೇಲ್ಗಡೆ ಊರೋ ದನಕರುಗಳೋ ಇದ್ದರೆ ನೀರು ಶುದ್ಧ ಮಾಡುವ ಮಾತ್ರೆ ಹಾಕಿ ಅಥವಾ ಕುದಿಸಿ. ಒಂದು ನಿಮಿಷ ಕುದಿಸಿದರೆ ಸಾಕು, 2,000 ಮೀಟರಿಗಿಂತ ಮೇಲಿದ್ದರೆ ಮೂರು ನಿಮಿಷ. ಒಂದು ಎಚ್ಚರಿಕೆ. ಫಿಲ್ಟರಿನೊಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಬಿರಿಯುತ್ತವೆ. ಹೊರಗೆ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಮರುದಿನ ಮಾಮೂಲಿಯಂತೆ ನೀರೂ ಬರುತ್ತದೆ, ರೋಗಾಣುವೂ ಬರುತ್ತದೆ. ಚಳಿ ರಾತ್ರಿಗಳಲ್ಲಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡು ಮಲಗಿ.

7. ಹಾದಿಯ ಮೇಲೆ: ಆ ಎರಡು ವಾರ

ಮೊದಲ ಮೂರು ದಿನ 12ರಿಂದ 15 ಕಿಲೋಮೀಟರ್ ದಾಟಬೇಡಿ. ಮೈಯಲ್ಲಿ ಶಕ್ತಿ ಇದೆ, ಸೂರ್ಯ ಇನ್ನೂ ಮೇಲಿದ್ದಾನೆ, ಪಕ್ಕದವನು ಮುಂದೆ ಹೋಗುತ್ತಿದ್ದಾನೆ. ಆದರೂ ನಿಲ್ಲಿಸಿ. ಸ್ನಾಯು ಬೇಗ ಹದಕ್ಕೆ ಬರುತ್ತದೆ, ಮೂಳೆಗೂ ಸ್ನಾಯುರಜ್ಜುಗೂ ಹೆಚ್ಚು ಸಮಯ ಬೇಕು. ಉಸಿರು ಸರಿಯಾಗಿದೆ ಅಂತ ಹತ್ತನೇ ದಿನ ಒಮ್ಮೆಲೇ ದೂರ ಹೆಚ್ಚಿಸಿದವರಿಗೇ ಮೊಣಕಾಲ ಕೆಳಗಿನ ಮುಂಗಾಲು ನೋವು ಹಿಡಿಯುವುದು. ಎರಡನೇ ವಾರ 18ರಿಂದ 20ಕ್ಕೆ ಏರಿಸಿ. ಐದಾರು ದಿನಕ್ಕೊಮ್ಮೆ ಪೂರ್ತಿ ವಿಶ್ರಾಂತಿ. ಚಾರಣಿಗರ ಮಾತಿನಲ್ಲಿ ಅದು ಜೀರೋ ಡೇ, ಒಂದು ಹೆಜ್ಜೆಯೂ ಮುಂದಿಲ್ಲದ ದಿನ. ಬೆಳಗ್ಗೆ ನಾಲ್ಕೈದು ಕಿಲೋಮೀಟರ್ ನಡೆದು ಊರು ಸೇರಿ ಉಳಿದ ದಿನ ಮಲಗುವುದಕ್ಕೆ ನೀರೋ ಡೇ, ಅಂದರೆ ಜೀರೋಗೆ ಹತ್ತಿರದ (ನಿಯರ್ ಜೀರೋ) ದಿನ. ಎರಡನೆಯದೇ ನನಗಿಷ್ಟ, ಒಂದು ರಾತ್ರಿಯ ಬಾಡಿಗೆಯಲ್ಲಿ ಒಂದೂವರೆ ದಿನದ ವಿಶ್ರಾಂತಿ ಸಿಗುತ್ತದೆ, ಅಲ್ವಾ?

ಬಿಟ್ಟು ಹೋಗೋಣ ಅನ್ನಿಸುವ ದಿನ ಬಂದೇ ಬರುತ್ತದೆ, ಹೆಚ್ಚಾಗಿ ಮಳೆಯಲ್ಲಿ ನೆನೆದ ಸಂಜೆ. ಆವತ್ತು ಏನೂ ತೀರ್ಮಾನ ಬೇಡ. ಊರಿಗೆ ಹೋಗಿ, ಸ್ನಾನ ಮಾಡಿ, ಹೊಟ್ಟೆ ತುಂಬ ತಿಂದು, ನಿದ್ದೆ ಮಾಡಿ ಎದ್ದಮೇಲೂ ಹಾಗೇ ಅನ್ನಿಸಿದರೆ ಟಿಕೆಟ್ ತೆಗೆಸಿ. ನೋವು ಒಂದೇ ಮೂಳೆಯ ಒಂದೇ ಜಾಗದಲ್ಲಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ಮಾತ್ರ ಹಟ ಹಿಡಿಯಬೇಡಿ, ಅದು ಮೂಳೆ ಬಿರುಕಿರಬಹುದು.

8. ಎತ್ತರ, ಹೊಳೆ, ಸಿಡಿಲು

ನೇಪಾಳದ ಅನ್ನಪೂರ್ಣ ಸುತ್ತಿನ ತೊರಾಂಗ್ ಲಾ ಕಣಿವೆದಾರಿ 5,416 ಮೀಟರ್ ಎತ್ತರದಲ್ಲಿದೆ. ಅಂಥ ಕಡೆ ಕಾಲಿನ ಶಕ್ತಿ ಲೆಕ್ಕಕ್ಕಿಲ್ಲ. ಸುಮಾರು 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ, ಪ್ರತಿ ಸಾವಿರ ಮೀಟರಿಗೆ ಒಂದು ದಿನ ಹೆಚ್ಚುವರಿ ನಿಲ್ಲಿ. ತಲೆನೋವು, ವಾಕರಿಕೆ ಇದ್ದರೆ ಮೇಲೆ ಹೋಗಬೇಡಿ. ಕೂತಲ್ಲೇ ಉಸಿರು ಕಟ್ಟಿದರೆ, ಕೆಮ್ಮು ಹೆಚ್ಚಾದರೆ, ಕುಡಿದವರಂತೆ ತೂರಾಡಿದರೆ, ಮಾತು ತಪ್ಪಿದರೆ ಬೆಳಗಾಗಲಿ ಅಂತ ಕಾಯದೆ ಕೆಳಗಿಳಿಯಬೇಕು. ಅಂಥವರನ್ನು ಒಬ್ಬರೇ ಇಳಿಯಲು ಬಿಡಬಾರದು.

ಹಿಮ ಕರಗಿ ಹರಿಯುವ ಹೊಳೆಯನ್ನು ಬೆಳಗ್ಗೆ ಬೇಗ ದಾಟಿ. ಬಿಸಿಲೇರಿದಂತೆ ನೀರೂ ಏರುತ್ತದೆ, ಸಂಜೆಗೆ ಅದೇ ಹೊಳೆ ಬೇರೆಯೇ ಹೊಳೆ. ತೊಡೆ ಮೀರುವ ರಭಸದ ನೀರಿದ್ದರೆ ವಾಪಸ್ ಬನ್ನಿ. ಎತ್ತರದ ಕಣಿವೆದಾರಿಗಳನ್ನು ಮಧ್ಯಾಹ್ನದೊಳಗೆ ದಾಟುವುದು ಒಳ್ಳೆಯದು, ಬೇಸಿಗೆಯ ಸಿಡಿಲು ಹೆಚ್ಚಾಗಿ ಆಮೇಲೆಯೇ.

9. ಆಪತ್ತಿಗೆ

ದಿನಗಳ ಪಟ್ಟಿ ಒಬ್ಬರ ಕೈಯಲ್ಲಿ ಕೊಟ್ಟು ಹೋಗಿ. ಎಷ್ಟು ಗಂಟೆ ಸುದ್ದಿ ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಅಂತಲೂ ಬರೆದುಕೊಡಿ. ಸಿಗ್ನಲ್ ಸಿಗದ ಹಾದಿಗೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಬೇಕು, ಆದರೆ ಕೆಲವು ದೇಶಗಳಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಅಪರಾಧ, ಮೊದಲೇ ವಿಚಾರಿಸಿ. ಐರೋಪ್ಯ ಒಕ್ಕೂಟದಲ್ಲಿ ತುರ್ತು ಸಂಖ್ಯೆ 112. ಆಲ್ಪ್ಸ್ ಕಡೆ ಸಹಾಯ ಕೇಳುವ ಗುರುತು ನಿಮಿಷಕ್ಕೆ ಆರು ಸೀಟಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ಉತ್ತರ ಅಮೆರಿಕದಲ್ಲಿ ಮೂರು. ವಿಮೆ ಕೊಳ್ಳುವಾಗ ಎರಡು ಸಾಲು ಹುಡುಕಿ ಓದಿ: ಹೆಲಿಕಾಪ್ಟರ್ ಖರ್ಚು ಸೇರಿದೆಯೇ, ಎಷ್ಟು ಮೀಟರ್ ಎತ್ತರದವರೆಗೆ ಅನ್ವಯಿಸುತ್ತದೆ.

ಶೌಚದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನೀರು, ಹಾದಿ, ಟೆಂಟ್ ಮೂರರಿಂದಲೂ 60 ಮೀಟರ್ ದೂರ, 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ, ಆಮೇಲೆ ಮಣ್ಣು ಮುಚ್ಚಿ. ಕಾಗದ ಜಿಪ್ ಚೀಲದಲ್ಲಿ ನಿಮ್ಮ ಜೊತೆಯೇ ವಾಪಸ್ ಬರಲಿ.

10. ವಾಪಸ್ ಬಂದ ಮೇಲೆ

ಟೆಂಟನ್ನು ಒಣಗಿಸದೆ ಮಡಿಸಿಡಬೇಡಿ, ಬೂಷ್ಟು ಹಿಡಿಯುತ್ತದೆ. ಸ್ಲೀಪಿಂಗ್ ಬ್ಯಾಗನ್ನು ಅದುಮಿ ತುಂಬಿಡದೆ ದೊಡ್ಡ ಬಟ್ಟೆ ಚೀಲದಲ್ಲಿ ಸಡಿಲವಾಗಿ ಇಡಿ. ಹಸಿವು ಇನ್ನೂ ಹಾದಿಯದ್ದೇ ಇರುತ್ತದೆ, ಒಂದೆರಡು ವಾರ ತಟ್ಟೆ ನೋಡಿಕೊಂಡು ಬಡಿಸಿಕೊಳ್ಳಿ. ಬ್ಯಾಗ್ ಬಿಚ್ಚುವಾಗ ಒಂದು ಹಾಳೆ ಪಕ್ಕದಲ್ಲಿಟ್ಟುಕೊಂಡು, ಪೂರ್ತಿ ಹಾದಿಯಲ್ಲಿ ಒಮ್ಮೆಯೂ ಮುಟ್ಟದ ಸಾಮಾನುಗಳ ಹೆಸರು, ತೂಕ ಬರೆದು ಖಾಲಿ ಬ್ಯಾಗಿನೊಳಗೇ ಹಾಕಿಡಿ. ನನ್ನ ಹಾಳೆಯಲ್ಲಿ ಮೊದಲ ಸಲ ಹದಿನಾಲ್ಕು ಸಾಮಾನಿದ್ದವು. ಅದರಲ್ಲೊಂದು 420 ಗ್ರಾಮಿನ ಸ್ಟೀಲ್ ಫ್ಲಾಸ್ಕ್.